ಹದಿನಾರು ಕಟಕ್

ವಿಜಯಪುರದ ಬುರುಜಿನ ಮೇಲೆ 1549ರಲ್ಲಿ ಎರಕ ಹೊಯ್ದ, 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪಿದೆ. ಅದೇ ಊರಿನ ಒಂದು ಅಗಸಿಗೆ ನಮ್ಮ ಮನಗೂಳಿಯ ಹೆಸರಿದೆ. ಇಂಥ ಸೀಮೆಯವನಿಗೆ ಏರ್ ಗನ್ ಯಾವ ಲೆಕ್ಕ ಅಂದುಕೊಂಡು ಒಂದು ತಂದೆ. ಮೇಲೆ ದುರ್ಬೀನು ಬೇರೆ.

ಹಿತ್ತಲಿನ ಮಣ್ಣಿನ ಗೋಡೆಗೆ ಹತ್ತಿದ ಕುಳ್ಳಿನ ಒಟ್ಟಿಲಿಗೆ ಹಳೆಯ ಲಗ್ನಪತ್ರಿಕೆಯೊಂದನ್ನು ಬೆನ್ನು ತಿರುಗಿಸಿ ಚುಚ್ಚಿ, ಇದ್ದಿಲಿನಿಂದ ಚುಕ್ಕಿ ಇಟ್ಟೆ. ಹತ್ತು ಮೀಟರ್ ಅಳೆದು ಕೂತೆ. ಚುಕ್ಕಿ ಮಸುಕು. ಕಣ್ಣಿನ ಹತ್ತಿರದ ಬಳೆ ತಿರುಗಿಸಿದೆ. ಅದು ಒಳಗಿನ ಅಡ್ಡ-ಉದ್ದ ಗೆರೆಗಳನ್ನು ಕಣ್ಣಿಗೆ ಹೊಂದಿಸುವ ಬಳೆಯಂತೆ, ಗೆರೆಯೂ ಮಸುಕಾಯಿತು.

ಮೊದಲ ಗುಂಡು ನಾಲ್ಕು ಇಂಚು ಕೆಳಗೆ. ದುರ್ಬೀನಿನ ತಲೆಯ ಮೇಲಿನ ಮುಚ್ಚಳ ಬಿಚ್ಚಿದರೆ ನಾಣ್ಯ ಹಾಕಿ ತಿರುಗಿಸುವ ಗುಂಡಿ, ಪಕ್ಕದಲ್ಲಿ ಬಾಣ. ಒಂದು ಕಟಕ್ ಅಂದರೆ ಕಾಲಿಂಚು ಅಂತ ಬರೆದಿತ್ತು. ನಾಲ್ಕು ನಾಲ್ಕಲೆ ಹದಿನಾರು. ಗುಂಡು ಕೆಳಗೆ ಹೋಗಿದೆಯಲ್ಲ, ಗೆರೆಯನ್ನೂ ಅಲ್ಲಿಗೆ ಇಳಿಸೋಣ ಅಂತ ಕೆಳಗಿನ ಕಡೆ ಹದಿನಾರು ಕಟಕ್ ತಿರುಗಿಸಿದೆ. ಗುಂಡು ಅರ್ಧ ಇಂಚು ಇನ್ನೂ ಕೆಳಗೆ ಹೋಯಿತು. ಸಾಲದು ಅಂತ ಮತ್ತೆ ಮೂರು ಸಲ ಹದಿನಾರು. ಗುಂಡು ಕಾಗದವನ್ನೇ ಬಿಟ್ಟು ಹೋಯಿತು.

ಎಂಟನೇ ಇಯತ್ತೆಯ ಅಣ್ಣನ ಮಗ ಬಗ್ಗಿ ನೋಡಿದ. "ಕಾಕಾ, ಬಾಣ ಗುಂಡು ಹೋಗೋ ಕಡೀದರೀ, ಗೆರೀದಲ್ಲ. ಮತ್ತ ಕಾಲಿಂಚು ಅನ್ನೋದು ನೂರು ಗಜಕ್ಕ ಅಂತ ಸಣ್ಣ ಅಕ್ಷರದಾಗ ಐತಿ ನೋಡ್ರಿ."

ಹತ್ತು ಮೀಟರಿಗೆ ಒಂದು ಕಟಕ್ ಅಂದರೆ ಮುಕ್ಕಾಲು ಮಿಲಿಮೀಟರೂ ಇಲ್ಲ. ನಾಲ್ಕು ಇಂಚಿಗೆ 146 ಬೇಕು; ನಾನು ಉಲ್ಟಾ ತಿರುಗಿಸಿದ 64 ಸೇರಿಸಿ 210. ಎಣಿಸುತ್ತ ಹೊರಟೆ. ನೂರಾ ಎಂಬತ್ತರ ಹತ್ತಿರ ಇವಳು, "ರೀ, ಚಾ ಆರಾಕ್ಹತ್ತೈತಿ" ಅಂದಳು. ಲೆಕ್ಕ ಹೋಯಿತು.

ಅಂದಾಜಿನಲ್ಲಿ ಹೊಡೆದರೆ ಒಂದು ಮೇಲೆ, ಮತ್ತೊಂದು ಎಡಕ್ಕೆ. ಬಲಗಡೆಯ ಗುಂಡಿಯನ್ನೂ ಬಿಡಲಿಲ್ಲ. ಹುಡುಗ ಎರಡು ಬೆರಳಿನಿಂದ ದುರ್ಬೀನು ಹಿಡಿದು ಅಲ್ಲಾಡಿಸಿದ. ಲೊಟಲೊಟ ಅಂದಿತು. ಸ್ಪ್ರಿಂಗಿನ ಬಂದೂಕು ಹಿಂದಕ್ಕೂ ಮುಂದಕ್ಕೂ ಎರಡೂ ಕಡೆ ಒದೆಯುತ್ತದೆ. ಸ್ಕ್ರೂ ಸಡಿಲಿದ್ದರೆ ದುರ್ಬೀನು ತನ್ನಷ್ಟಕ್ಕೆ ತಾನೇ ಜಾರುತ್ತದೆ. ನಾನು ಗುಂಡಿ ತಿರುಗಿಸಿದ್ದು ಬಸ್ಸಿನಲ್ಲಿ ಕೂತು ಗಡಿಯಾರ ರಿಪೇರಿ ಮಾಡಿದ ಹಾಗೆ.

ಸಂಜೆ ಇವಳು ಒಟ್ಟಿಲ ಮುಂದೆ ನಿಂತಳು. "ರೊಟ್ಟಿ ಒಲಿಗೆ ಹಾಕೋ ಕುಳ್ಳು ಇವು. ಸೀಸದ ಹೊಗಿ ಕುಡೀಲೇನು?"

ಒಂದೊಂದೇ ಕುಳ್ಳು ಮುರಿದು ಆರಿಸಿದೆ. ಹೊಡೆದದ್ದು 23, ಸಿಕ್ಕದ್ದು 9. ಉಳಿದವು ಗೋಡೆಯಲ್ಲಿವೆಯೇನೋ ಅಂತ, ಬಂದೂಕಿನಿಂದ ದುರ್ಬೀನು ಬಿಚ್ಚಿ ಕಣ್ಣಿಗೆ ಹಿಡಿದೆ. ಗೋಡೆಯೂ ಮಸುಕು.