ಎರಡು ಯೆನ್ನಿಗೆ ಒಬ್ಬ ಪಂಪ

ಹೊಸಪೇಟೆಯ ಯಾವುದಾದರೂ ಜೆರಾಕ್ಸ್ ಅಂಗಡಿಗೆ ಹೋಗಿ, ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪು ಮಾಡಿದ ಕಡತವೊಂದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆಸಿ ನೋಡಿ. ಅಲ್ಲಿ ಆದಿಕವಿ ಪಂಪನ ಬೆಲೆ ಎರಡು ಯೆನ್. 'ಪ' ಇರಬೇಕಾದ ಕಡೆ ಜಪಾನಿನ ಯೆನ್ ಚಿಹ್ನೆ, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷಿನ 'ಎ', ಸೊನ್ನೆಯ ಜಾಗಕ್ಕೆ ಬೋಳುತಲೆಯ ಇನ್ನೊಂದು 'ಎ', ಮತ್ತೆ ಯೆನ್, ಮತ್ತೆ ಓರೆಗೆರೆಯ 'ಎ'. ಹತ್ತನೇ ಶತಮಾನದ ಮಹಾಕವಿ ಇಪ್ಪತ್ತೊಂದನೇ ಶತಮಾನದಲ್ಲಿ ಒಂದು ರೂಪಾಯಿ ಮುಟ್ಟುವುದಕ್ಕೂ ಏದುಸಿರು ಬಿಡುತ್ತಾನೆ.

ಇದನ್ನು ಜನ 'ಅಕ್ಷರ ಕೆಟ್ಟಿದೆ' ಅನ್ನುತ್ತಾರೆ. ನನಗೇನೋ ಅಕ್ಷರ ಆಗಷ್ಟೇ ನಿಜ ಹೇಳಲು ಶುರುಮಾಡಿದಂತೆ ಕಾಣುತ್ತದೆ. 'ನದಿ' ಎಂಬುದನ್ನು ನೋಡಿ: ಒಂದು ಪೌಂಡು, ಒಂದು ಸೆಂಟು, ನಡುವೆ ಅದೇ ಓರೆಗೆರೆಯ 'ಎ'. 'ನೀರು' ಇನ್ನೂ ಸ್ವಾರಸ್ಯ. ಅದು ಶುರುವಾಗುವುದು ನಾಲ್ಕೂ ಮೂಲೆಗೆ ಕಾಲು ಚಾಚಿದ ಪುಟ್ಟ ಸೊನ್ನೆಯಿಂದ. ಹಣ, ಯಾವ ದೇಶದ್ದಾದರೂ ಸರಿ, ಎಂದು ಸೂಚಿಸಲು ಇಟ್ಟ ಚಿಹ್ನೆ ಅದು. 'ನಿಗಮ' ಎಂದು ಬರೆದರೂ ಮೊದಲು ಬರುವುದು ಅದೇ. ಸಂಡೂರಿನ 'ಅದಿರು' ಹೊಟ್ಟೆಯೊಳಗೆ ಒಂದು ಸೆಂಟು ಇಟ್ಟುಕೊಂಡಿದೆ. 'ಬಳ್ಳಾರಿ'ಯ 'ಬ'ಗೆ ಬರುವುದು ಕಾನೂನು ಪುಸ್ತಕದಲ್ಲಿ ಕಲಮಿನ ಸಂಖ್ಯೆಗೆ ಮೊದಲು ಹಾಕುವ ಚಿಹ್ನೆ. ಗಣಿ ಮೊಕದ್ದಮೆಗಳನ್ನು ಕಂಡವರು ಇದಕ್ಕೆ ವ್ಯಾಖ್ಯಾನ ಕೇಳುವುದಿಲ್ಲ. ಇನ್ನು ತುಂಗಭದ್ರೆಯ 'ಟಿ.ಬಿ. ಡ್ಯಾಂ' ಅಂದರೆ ಅದರ 'ಬಿ' ಪೂರಾ ಕಾಪಿರೈಟ್ ಚಿಹ್ನೆ. ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಕೂತು ಪಾಲು ಹಂಚಿಕೊಳ್ಳುವ ನೀರಿಗೆ ಇದಕ್ಕಿಂತ ಒಪ್ಪುವ ಮುದ್ರೆಯನ್ನು ಯಾವ ನ್ಯಾಯಮಂಡಳಿಯೂ ಕೊಟ್ಟಿರಲಾರದು.

ಈ ಪವಾಡದ ಹಿಂದೆ ಇರುವುದು ಒಂದು ಮುಖವಾಡ. ಹಳೆಯ ಫಾಂಟುಗಳ ಕಾಲದಲ್ಲಿ ಕಂಪ್ಯೂಟರಿನ ಒಂದು ಫಾಂಟಿಗೆ ಇದ್ದ ಮನೆಗಳು ಹೆಚ್ಚೆಂದರೆ 256. ಆ ಮನೆಗಳೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಹೆಸರಿಗೆ ಖಾತೆಯಾಗಿದ್ದವು. ನಮ್ಮವರು ಖಾತೆ ಬದಲಿಸಲಿಲ್ಲ, ಮನೆಯೊಳಗೆ ಕನ್ನಡದ ಚಿತ್ರ ಕೂರಿಸಿದರು. ನುಡಿಯ ಪದ್ಧತಿಯಲ್ಲಿ 'ಕ' ಎಂದರೆ 80ನೇ ಮನೆಯ 'ಪಿ'ಗೆ ಕ-ಕಾರದ ಒಡಲು ತೊಡಿಸಿ, 192ನೇ ಮನೆಯ ಓರೆಗೆರೆ 'ಎ'ಗೆ ತಲೆಕಟ್ಟು ತೊಡಿಸಿ, ಎರಡನ್ನೂ ಒತ್ತಟ್ಟಿಗೆ ನಿಲ್ಲಿಸುವುದು. ನೋಡುವವರಿಗೆ 'ಕ', ಕಂಪ್ಯೂಟರಿಗೆ ಮಾತ್ರ ಅದು ಯಾವತ್ತೂ 'ಪಿ' ಮತ್ತು 'ಎ'. ಫಾಂಟ್ ಇರುವ ತನಕ ವೇಷ ನಿಲ್ಲುತ್ತದೆ, ಫಾಂಟ್ ಹೋದರೆ ಬಣ್ಣ ಕಳಚಿ ಬೀಳುತ್ತದೆ.

ಮಾಡಿದವರನ್ನು ಬೈಯುವಂತಿಲ್ಲ. ಆ ಕಾಲಕ್ಕೆ ಬೇರೆ ಸುಲಭದ ದಾರಿ ಇರಲಿಲ್ಲ, ಮತ್ತು ಕನ್ನಡ ಪರದೆಯ ಮೇಲೆ ಮೂಡಿದ್ದೇ ಅವರಿಂದ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಇವತ್ತಿಗೂ ಬೆರಳುಗಳು ಮರೆತಿಲ್ಲ. ಶೇಷಾದ್ರಿವಾಸು ಅಮೆರಿಕದಲ್ಲಿ ಕೂತು 1998ರಲ್ಲಿ 'ಬರಹ' ಕೊಟ್ಟರು. ಪುಣೆಯಿಂದ ಶ್ರೀಲಿಪಿ ಬಂತು, ಕನ್ನಡ ಗಣಕ ಪರಿಷತ್ತಿನಿಂದ ಸರ್ಕಾರಕ್ಕಾಗಿ ನುಡಿ ಬಂತು. ತೇಜಸ್ವಿಯವರ ಒತ್ತಾಸೆಯಿಂದ ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ 'ಕುವೆಂಪು ಕನ್ನಡ ತಂತ್ರಾಂಶ' ಎಂದು ಒಂದನ್ನು ಹೊರತಂದಿತು. ಆದರೆ ಕಂಪನಿಗೊಂದು ಪದ್ಧತಿ, ಪದ್ಧತಿಗೊಂದು ಮನೆಸಂಖ್ಯೆ. ಶ್ರೀಲಿಪಿಯ ಕಡತವನ್ನು ನುಡಿಗೆ ತೋರಿಸಿದರೆ ಅಲ್ಲೂ ಕನ್ನಡ ಅಕ್ಷರಗಳೇ ಬರುತ್ತವೆ, ಆದರೆ ಅರ್ಥವಿಲ್ಲದವು. ಯೆನ್ನು ಪೌಂಡು ಬಂದರೆ ಕೆಟ್ಟಿದೆ ಎಂದಾದರೂ ಗೊತ್ತಾಗುತ್ತದೆ. ಇಲ್ಲಿ ಮಾತ್ರ, ಇದು ನವ್ಯಕಾವ್ಯ ಇರಬಹುದೇನೋ ಎಂದು ಸಾಹಿತಿಗಳು ಎರಡನೇ ಸಲ ಓದುವ ಅಪಾಯವಿದೆ.

(ಹಂಪಿಯ ಹೆಸರು ಬಂದ ಮೇಲೆ ವಿರೂಪಾಕ್ಷನ ಗುಡಿಯ ಶಾಸನ ತಂದು, ಕಲ್ಲಿನಲ್ಲಿ ಕೊರೆದದ್ದು ಐನೂರು ವರ್ಷ ಉಳಿಯಿತು ನೋಡಿ ಎಂದು ನಿಟ್ಟುಸಿರು ಬಿಡಬೇಕು. ಈ ಭಾಗದ ಅಂಕಣಕಾರರಿಗೆ ಅದೊಂದು ಅಂಟುಜಾಡ್ಯ. ಈ ವಾರ ರಜೆ.)

ಈ ಬಾಡಿಗೆ ಮನೆಗಳ ಬದಲು, ಯೂನಿಕೋಡ್ ಎಂಬ ಪದ್ಧತಿಯಲ್ಲಿ ಕನ್ನಡಕ್ಕೆ ಅದರದೇ ಸೈಟು ಹಂಚಿಕೆಯಾದದ್ದು 1991ರಲ್ಲಿ. 'ಕ'ಗೆ 3221 ಎಂಬ ಸಂಖ್ಯೆ. ಅದು 'ಕ'ದ್ದು ಮಾತ್ರ, ಬಾಡಿಗೆಗಲ್ಲ, ಪ್ರಪಂಚದ ಯಾವ ಯಂತ್ರದಲ್ಲೂ ಬದಲಾಗುವುದಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಈ ಪದ್ಧತಿಯ ಕನ್ನಡ ಫಾಂಟ್ ಒಂದು ಅದರೊಳಗೇ ಇತ್ತು. ಹೆಸರು 'ತುಂಗಾ'. ಟಿ.ಬಿ. ಡ್ಯಾಮಿನ ಜನಕ್ಕೆ ಮುಂದಿನದನ್ನು ಹೇಳಬೇಕಾಗಿಲ್ಲ. ತುಂಗೆ ಬಂದು ಇಪ್ಪತ್ತು ವರ್ಷ ಮೀರಿತು, ಕಾಲುವೆಯ ಕೊನೆಭಾಗದ ಕಚೇರಿಗಳಿಗೆ ಇನ್ನೂ ತಲುಪಿಲ್ಲ.

ಅದೇ 2001ರಲ್ಲಿ ಇನ್ನೊಂದೂ ಬಂತು: ಪೇಜ್‌ಮೇಕರ್ 7. ಅದೇ ಅದರ ಕೊನೆಯ ಆವೃತ್ತಿ. ಹೆತ್ತ ಕಂಪನಿಯೇ ಕೈಬಿಟ್ಟ ಆ ತಂತ್ರಾಂಶವನ್ನು ನಮ್ಮ ಡಿಟಿಪಿ ಅಂಗಡಿಗಳು ದತ್ತು ತೆಗೆದುಕೊಂಡವು. ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆ ಎಲ್ಲವೂ ಅದರಲ್ಲೇ. ಅಂಗಡಿಯವನನ್ನು ದೂರುವುದು ಅನ್ಯಾಯ, ಅವನ ಸರಕು ಕಾಗದ. ಅಚ್ಚಾಗಿ ಹೊರಬಿದ್ದ ಮೇಲೆ 'ಕ' ಯಾವ ಮನೆಯಿಂದ ಬಂತೆಂದು ಬೀಗರು ಕೇಳುವುದಿಲ್ಲ. ದೂರಬೇಕಾದದ್ದು ಕಚೇರಿಯನ್ನು. 2012ರಲ್ಲೇ ಯೂನಿಕೋಡನ್ನು ಶಿಷ್ಟ ಪದ್ಧತಿಯೆಂದು ರಾಜ್ಯ ಸರ್ಕಾರ ಒಪ್ಪಿಯಾಗಿದೆ. ಅದಾದ ಮೇಲೂ ಕಚೇರಿ ಕಂಪ್ಯೂಟರನ್ನು ಕರೆಂಟಿನ ಟೈಪ್‌ರೈಟರ್ ಎಂದೇ ನಂಬಿದೆ. ಪತ್ರ ಅಂದರೆ ಕಾಗದ, ಕಾಗದ ಅಂದರೆ ರುಜು, ರುಜು ಬಿದ್ದ ಮೇಲೆ ಅಕ್ಷರದ ಕೆಲಸ ಮುಗಿಯಿತು. ಅದನ್ನು ಆಮೇಲೆ ಯಾರೋ ಹುಡುಕಬಹುದು, ಅಕಾರಾದಿಯಲ್ಲಿ ಜೋಡಿಸಬಹುದು, ಕಣ್ಣು ಕಾಣದವರು ಕಂಪ್ಯೂಟರಿನಿಂದ ಓದಿಸಿಕೊಂಡು ಕೇಳಬಹುದು ಎಂಬುದು ಟಿಪ್ಪಣಿಯಲ್ಲಿ ಮಂಡನೆಯಾಗಿಲ್ಲ. ಅಲ್ಲಿ ಬೇಕಾಗಿರುವುದು ಕನ್ನಡದ ಫೋಟೋ.

ಫೋಟೋ ಎಂದದ್ದು ಅಲಂಕಾರಕ್ಕಲ್ಲ. ಮೊನ್ನೆ ಒಂದು ಕಚೇರಿಯಿಂದ ನನ್ನ ಮೊಬೈಲಿಗೆ ವರ್ಡ್ ಕಡತ ಬಂತು, ತುಂಬ ಯೆನ್ನು ಪೌಂಡು. ಫೋನು ಮಾಡಿದೆ.

"ಫಾಂಟ್ ಹಾಕ್ಕೊಳ್ರಿ ಸರ್, ನುಡಿ ಝೀರೋ ಒನ್ ಇ."

"ಮೊಬೈಲಿಗೆ ಹೆಂಗ್ರಿ ಹಾಕ್ಕೊಳ್ಳೋದು?"

"ಹಂಗಾರೆ ಇರ್ರಿ, ಪ್ರಿಂಟ್ ತೆಗೆದು ಫೋಟೋ ಹೊಡೆದು ಕಳಸ್ತೀನಿ."

ಕಳಿಸಿದರು, ಪಾಪ, ಸಜ್ಜನರು. ಟೈಪು ಮಾಡಿದ್ದನ್ನು ಮುದ್ರಿಸಿ, ಮುದ್ರಿಸಿದ್ದನ್ನು ಮೇಜಿನ ಮೇಲೆ ಹರಡಿ, ತಮ್ಮ ತಲೆಯ ನೆರಳು ಬೀಳುವಂತೆ ಚಿತ್ರ ತೆಗೆದು ಕಳಿಸಿದರು. ಕೊನೆಯ ಸಾಲಿನ ಮೇಲೆ ಅವರ ಹೆಬ್ಬೆರಳು ಇತ್ತು. ಒಂದು ಲೆಕ್ಕದಲ್ಲಿ ಅದು ಹೆಬ್ಬೆಟ್ಟಿನ ರುಜು.

ವರ್ಡ್ ತಾನಾಗಿ ಮಾಡುವ ಸೇವೆಯದು ಬೇರೆಯೇ ಅಧ್ಯಾಯ. ನೀವು ಕನ್ನಡ ಬರೆಯುತ್ತಿದ್ದೀರಿ ಎಂಬುದು ಅದಕ್ಕೆ ಗೊತ್ತೇ ಇಲ್ಲ, ಕೆಟ್ಟ ಇಂಗ್ಲಿಷ್ ಎಂದುಕೊಂಡು ಪುಟಪೂರ್ತಿ ಕೆಂಪು ಗೆರೆ ಎಳೆಯುತ್ತದೆ. ಸುಮ್ಮನಿದ್ದರೆ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡುತ್ತದೆ. ನುಡಿಯಲ್ಲಿ 'ರಸ್ತೆ'ಯ ಮೊದಲಕ್ಷರ ಸಣ್ಣ 'ಜಿ'. ಅದನ್ನು ದೊಡ್ಡದು ಮಾಡಿದರೆ 'ಉ' ಆಗುತ್ತದೆ. ಹಾಗಾಗಿ ಕಾಮಗಾರಿ ವರದಿಯಲ್ಲಿ ರಸ್ತೆ ಶುರುವಾಗುವ ಮೊದಲೇ ಗುಂಡಿಗೆ ಬಿದ್ದು 'ಉ' ಅನ್ನುತ್ತದೆ. ಇಷ್ಟು ನಿಷ್ಠುರವಾಗಿ ಕಾಮಗಾರಿ ಪರಿಶೀಲಿಸುವ ಎಂಜಿನಿಯರ್ ಸಿಕ್ಕರೆ ತಾಲ್ಲೂಕು ಉದ್ಧಾರವಾದೀತು.

ಗಡಿ ದಾಟಿದರೆ ಆಟ ಇನ್ನೊಂದು ರಂಗಕ್ಕೆ ಹೋಗುತ್ತದೆ. ತೆಲುಗಿನವರಿಗೂ ಇದೇ ರೋಗ, ಅವರ ಅನು ಫಾಂಟುಗಳೂ ಇಂಗ್ಲಿಷ್ ಮನೆಗಳಲ್ಲೇ ಬಾಡಿಗೆಗೆ ಇದ್ದವು. ನಮ್ಮ ನುಡಿಯ ಪತ್ರಕ್ಕೆ ಆಚೆಯವರು ಅನು ತೊಡಿಸಿದರೆ ನೋಡಲು ತೆಲುಗು, ಓದಿದರೆ ಯಾವ ಭಾಷೆಯೂ ಅಲ್ಲ. ತುರ್ತಿನ ಹೊತ್ತಿನಲ್ಲಂತೂ ಇದು ಬರೀ ತಮಾಷೆಯಲ್ಲ. 2024ರ ಆಗಸ್ಟ್ 10ರ ರಾತ್ರಿ ಟಿ.ಬಿ. ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಆಗ ನೀರು ಯಾವ ಫಾಂಟಿಗೂ ಕಾಯಲಿಲ್ಲ. ನದಿಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುವುದು ಎಲ್ಲರಿಗೂ ಗೊತ್ತು. ಅಂಥ ಹೊತ್ತಿನಲ್ಲಿ 'ನದಿ ಪಾತ್ರದ ಜನರ ಗಮನಕ್ಕೆ' ಎಂಬ ಸೂಚನೆ ಒಂದು ಪೌಂಡು ಒಂದು ಸೆಂಟಾಗಿ ಮೊಬೈಲಿಗೆ ಬಂದರೆ, ಪರಿಹಾರದ ಮೊತ್ತ ಈಗಲೇ ಘೋಷಣೆಯಾಯಿತು ಎಂದು ಜನ ಸಂತೋಷಪಟ್ಟಾರು.

ಹಾಗಾದರೆ ಮದ್ದಿಲ್ಲವೇ? ಇದೆ, ಅದೂ ಪುಕ್ಕಟೆ. ನುಡಿ, ಬರಹಗಳಲ್ಲಿರುವುದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಹುಡುಗರು ಬರೆದಿಟ್ಟು ಎಷ್ಟೋ ವರ್ಷವಾಯಿತು. ಈ ಕಡೆ ಅಂಟಿಸಿ ಗುಂಡಿ ಒತ್ತಿದರೆ ಆ ಕಡೆ ಕನ್ನಡ. ಆದರೆ ಎಲ್ಲ ಪರಿವರ್ತಕಕ್ಕೂ ಒಂದೇ ಬುದ್ಧಿ ಇರುವುದಿಲ್ಲ. ನೀವೂ ಎಲ್ಲಾದರೂ 'ಕನಾರ್ಟಕ ಸಕಾರ್ರ' ಎಂದು ಓದಿರುತ್ತೀರಿ. ಪ್ರೂಫ್ ನೋಡುವವನು ಕುಡಿದಿರಲಿಲ್ಲ, ತಪ್ಪು ಅರ್ಕಾವೊತ್ತಿನದು. 'ಕರ್ನಾಟಕ' ಎನ್ನುವಾಗ ನಾವು 'ರ್' ಎಂದು ಮೊದಲು ಉಚ್ಚರಿಸಿ ಆಮೇಲೆ 'ನಾ' ಅನ್ನುತ್ತೇವೆ, ಬರೆಯುವಾಗ ಆ ಕೊಕ್ಕೆಯನ್ನು 'ನಾ' ಆದ ಮೇಲೆ ಹಾಕುತ್ತೇವೆ. ಹಳೆಯ ಫಾಂಟಿಗೆ ಕಣ್ಣಿಗೆ ಕಂಡ ಕ್ರಮವೇ ಕ್ರಮ. ಯೂನಿಕೋಡಿಗೆ ನಾಲಿಗೆಯ ಕ್ರಮ ಬೇಕು. ಜಾಣ ಪರಿವರ್ತಕ 'ರ್' ಅನ್ನು ಎತ್ತಿ 'ನಾ'ಗಿಂತ ಮುಂದಕ್ಕೆ ಕೂರಿಸುತ್ತದೆ. ಸೋಮಾರಿಯದು ಇದ್ದಲ್ಲೇ ಬಿಡುತ್ತದೆ. ಆಗ ಅರ್ಜಿ 'ಅಜಿರ್' ಆಗುತ್ತದೆ, ವರ್ಷ 'ವಷರ್', ಕಾರ್ಯ 'ಕಾಯರ್', ಧರ್ಮ 'ಧಮರ್'. ಯೆನ್ನಿನ ಕಾಲದಲ್ಲಿ ಕೆಟ್ಟದ್ದು ಕೆಟ್ಟಂತೆ ಕಾಣುತ್ತಿತ್ತು. ಈಗ ಅದು ಅಚ್ಚ ಯೂನಿಕೋಡ್ ಕನ್ನಡದಲ್ಲಿ, ಶಿಷ್ಟತೆಗೆ ಬದ್ಧವಾಗಿ, ಯಾವ ಫಾಂಟೂ ತಿದ್ದಲಾಗದಂತೆ ಕೆಟ್ಟಿದೆ. ಪರಿವರ್ತಿಸಿದ ಮೇಲೆ ಒಬ್ಬರು ಕೂತು 'ರ್' ಬರುವ ಪದಗಳನ್ನಾದರೂ ಒಮ್ಮೆ ಓದಿದರೆ ಸಾಕಿತ್ತು. ಗುಂಡಿ ಒತ್ತಲು ಆದೇಶ ಹೊರಡುತ್ತದೆ, ಓದಲು ಹೊರಟದ್ದನ್ನು ನಾನು ಕಂಡಿಲ್ಲ.

ಹೀಗೇ ತಿರುಗಿಸಿದ ಒಂದು ಫಲಾನುಭವಿಗಳ ಪಟ್ಟಿಯನ್ನು ಊಹಿಸಿಕೊಳ್ಳಿ. ಅದರಲ್ಲಿ 'ಪಾರ್ವತಿ' ಎಂದು ಹುಡುಕಿದರೆ ಯಾರೂ ಇಲ್ಲ, 'ಪಾವರ್ತಿ' ಇದ್ದಾಳೆ. ಕಿಟಕಿಯ ಈಚೆ ನಿಂತ ಮುದುಕಿ ತನ್ನ ಆಧಾರ್ ಕಾರ್ಡು ಒಳಗೆ ಚಾಚುತ್ತಾಳೆ. ಒಳಗಿರುವವನು ಕಾರ್ಡು ನೋಡುತ್ತಾನೆ, ಪರದೆ ನೋಡುತ್ತಾನೆ, ಮತ್ತೊಮ್ಮೆ ಕಾರ್ಡು ನೋಡುತ್ತಾನೆ.

"ಅಮ್ಮಾ, ನಿನ್ನ ಹೆಸರು ತಪ್ಪೈತಿ. ಆಧಾರ್‌ನಾಗ ಪಾವರ್ತಿ ಅಂತ ತಿದ್ದಿಸ್ಕಂಡು ಬಾ."