ಎಕ್ಸೆಲ್ ಶೀಟಿನಲ್ಲಿ ನನ್ನ ಆಯಸ್ಸು

ನಮ್ಮ ಕನ್ನಡ ಕೂಟದ ಗಂಡಸರು ಐವತ್ತು ದಾಟಿದ ಮೇಲೆ ಕ್ರಿಕೆಟ್ ಬಿಟ್ಟರು. ರಾಜಕೀಯವನ್ನೂ ಬಿಟ್ಟರು. ಕರ್ನಾಟಕದ ರಾಜಕೀಯ ಷಿಕಾಗೋದಿಂದ ಅರ್ಥವಾಗುವುದಿಲ್ಲ, ಅಮೆರಿಕದ್ದು ಮಾತಾಡಿದರೆ ಊಟಕ್ಕೆ ಕರೆಯುವ ಮನೆಗಳು ಕಡಿಮೆಯಾಗುತ್ತವೆ. ಈಗ ಯುಗಾದಿ ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಲ್ಲಿಂದ ಕೈ ತೊಳೆಯುವ ತನಕ ಅವರಿಗೆ ಉಳಿದಿರುವುದು ರಿಟೈರ್‌ಮೆಂಟ್ ಒಂದೇ. ಹೋಳಿಗೆಗೆ ತುಪ್ಪ ಬಿತ್ತೋ ಇಲ್ಲವೋ ನೋಡುವುದಿಲ್ಲ, ಇಂಡೆಕ್ಸ್ ಫಂಡಿನ ಖರ್ಚು ಶೇಕಡಾ 0.04 ಇರಬೇಕೋ 0.03 ಇರಬೇಕೋ ಎಂದು ಜಗಳಾಡುತ್ತಾರೆ.

ಮಾತೆಲ್ಲ ಹೀಗೆ ಸುತ್ತುಬಳಸು. ಒಟ್ಟು ಎಷ್ಟಿದೆ ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಊರಿನ ರೈಲಿನಲ್ಲಾದರೆ ಎದುರು ಸೀಟಿನವರು ಸಂಬಳ, ಸೈಟು, ಮಗಳ ಮದುವೆಯ ಖರ್ಚು ಎಲ್ಲವನ್ನೂ ಅರಸೀಕೆರೆ ಬರುವುದರೊಳಗೆ ವಿಚಾರಿಸಿ ಮುಗಿಸಿರುತ್ತಾರೆ. ಇಲ್ಲಿ ಹತ್ತಾರು ವರ್ಷದ ಗೆಳೆಯರು ಪರಸ್ಪರ ಕೊಲೆಸ್ಟರಾಲ್ ಹೇಳಿಕೊಳ್ಳುತ್ತಾರೆ, ಕೊಲೊನೋಸ್ಕೋಪಿಯ ವರದಿಯನ್ನು ಸಾರು ಬಡಿಸಿಕೊಳ್ಳುತ್ತಲೇ ವಿವರಿಸುತ್ತಾರೆ, 401ಕೆ ಎಂಬ ನಿವೃತ್ತಿ ಗಂಟಿನ ಮೊತ್ತಕ್ಕೆ ಮಾತ್ರ ಬಾಯಿ ಬಿಡುವುದಿಲ್ಲ. ನಾವು ಹೆಂಗಸರು ಇದಕ್ಕೊಂದು ನಿಘಂಟು ಮಾಡಿಕೊಂಡಿದ್ದೇವೆ. ‘ಏನೋ ನಡೀತಿದೆ’ ಅಂದರೆ ಒಂದು ಮಿಲಿಯನ್ ದಾಟಿದೆ. ‘ಇನ್ನೂ ತುಂಬಾ ದೂರ ಇದೆ ಮಾರಾಯ’ ಅಂದರೆ ಎರಡು ದಾಟಿದೆ. ಬಿಟ್‌ಕಾಯಿನ್ ಬಗ್ಗೆ ಉಪನ್ಯಾಸ ಕೊಡುವವರ ಹತ್ತಿರ ಏನೂ ಇಲ್ಲ.

ನಮ್ಮವರದೊಂದು ಎಕ್ಸೆಲ್ ಶೀಟಿದೆ. ನಾವು ಷಿಕಾಗೋ ಪಕ್ಕದ ನೇಪರ್‌ವಿಲ್‌ಗೆ ಬಂದ ವರ್ಷ ಶುರುವಾದದ್ದು. ಆಗ ತಿಂಗಳಿಗೊಂದು ಸಲ ತೆರೆಯುತ್ತಿದ್ದರು, ಆಮೇಲೆ ವಾರಕ್ಕೊಮ್ಮೆ, ಈಗ ತ್ರಿಕಾಲ. ನಮ್ಮ ಮಧ್ಯಾಹ್ನ ಮೂರಕ್ಕೆ ನ್ಯೂಯಾರ್ಕಿನ ಷೇರುಪೇಟೆ ಮುಚ್ಚುತ್ತದೆ. ಮೂರೂ ಐದಕ್ಕೆ ಇವರ ಮುಖ ನೋಡಿದರೆ ರಾತ್ರಿಗೆ ಪಾಯಸ ಕೇಳುತ್ತಾರೋ, ‘ತಿಳಿಸಾರು ಸಾಕು’ ಅನ್ನುತ್ತಾರೋ ಗೊತ್ತಾಗುತ್ತದೆ. ಶೀಟಿನ ಬಲಗಡೆಯಲ್ಲಿ ರೂಪಾಯಿಗೊಂದು ಕಾಲಂ. ಡಾಲರ್ ಕಾಲಂ ಕೆಂಪಾದ ದಿನ ಕಣ್ಣು ಅತ್ತ ಹೊರಳುತ್ತದೆ. ನಾವು ಬಂದಾಗ 45ರ ಆಸುಪಾಸಿನಲ್ಲಿದ್ದ ಡಾಲರು 85 ದಾಟಿದೆ. ಕೈ ಕಟ್ಟಿ ಕುಳಿತರೂ ರೂಪಾಯಿ ಲೆಕ್ಕದಲ್ಲಿ ನಾವು ಶ್ರೀಮಂತರಾಗುತ್ತಲೇ ಇದ್ದೇವೆ. ಅಂಗಡಿಯವರು ಮಾತ್ರ ಡಾಲರನ್ನೇ ಕೇಳುತ್ತಾರೆ.

ಮೈಸೂರಿನ ಸೈಟಿಗೆ ಆ ಶೀಟಿನಲ್ಲಿ ಸೊನ್ನೆ ಬೆಲೆ, ‘ಅದು ಲಿಕ್ವಿಡ್ ಅಲ್ಲ’. ನಮ್ಮತ್ತೆಯ ಲೆಕ್ಕದಲ್ಲಿ ಇರುವ ಆಸ್ತಿ ಅದೊಂದೇ, ಮಿಕ್ಕಿದ್ದೆಲ್ಲ ಕಂಪ್ಯೂಟರಿನಲ್ಲಿ ಕಾಣುವ ಅಂಕಿ. ನನ್ನ ಎರಡೆಳೆ ಸರ, ಬಳೆ, ಜುಮುಕಿಗಳಿಗೂ ಶೀಟಿನಲ್ಲಿ ಜಾಗವಿರಲಿಲ್ಲ. ‘ಒಡವೆ ಹೂಡಿಕೆ ಅಲ್ಲ, ಖರ್ಚು’ ಎಂದು ಪ್ರತಿ ವರಮಹಾಲಕ್ಷ್ಮಿಗೂ ಪಾಠ. 2025ರ ಅಕ್ಟೋಬರಿನಲ್ಲಿ ಚಿನ್ನ ಔನ್ಸಿಗೆ 4,000 ಡಾಲರ್ ದಾಟಿತು ನೋಡಿ, ಅವತ್ತು ರಾತ್ರಿ ಹಲ್ಲುಜ್ಜುತ್ತಾ, ಏನೂ ಅಲ್ಲವೆಂಬಂತೆ, ‘ನಿನ್ನ ಹತ್ರ ಒಟ್ಟು ಎಷ್ಟು ಗ್ರಾಂ ಇದ್ದೀತು?’ ಅಂದರು. ‘ಅದು ಖರ್ಚು ಕಣ್ರೀ’ ಅಂದೆ.

ಶೀಟಿನ ಮೇಲೆ ನನಗೆ ತಕರಾರು ಇರಲಿಲ್ಲ. ಗಂಡ ಸಂಜೆ ಹೊತ್ತು ಬಾರಿಗೆ ಹೋಗುವುದಕ್ಕಿಂತ ಶೀಟಿಗೆ ಹೋಗುವುದು ವಾಸಿ. ಆದರೆ ಒಂದು ದಿನ ಪ್ರಿಂಟರ್ ಸರಿಯಾಯಿತೇ ನೋಡಲು ಅದರ ಮೊದಲ ಪುಟವನ್ನೇ ಪ್ರಿಂಟ್ ಹಾಕಿದರು. ಮೇಲ್ಗಡೆ ಎರಡು ಹಳದಿ ಚೌಕ. ‘ಸೆಲ್ಫ್: 86’. ‘ವೈಫ್: 94’.

‘ಏನ್ರೀ ಇದು?’

‘ಅಸಂಪ್ಷನ್ಸು. ಯಾರು ಎಷ್ಟು ವರ್ಷಕ್ಕೆ ಹೋಗ್ತೀವಿ ಅಂತ. ಅದಿಲ್ದೆ ಲೆಕ್ಕ ನಿಲ್ಲಲ್ಲ.’

‘ನನಗ್ಯಾಕೆ ತೊಂಬತ್ತನಾಲ್ಕು?’

‘ನಿಮ್ಮಜ್ಜಿ ತೊಂಬತ್ತೊಂದಕ್ಕೆ ಹೋದ್ರಲ್ಲ, ಸೇಫ್ಟಿಗೆ ಮೂರು ಸೇರಿಸಿದೀನಿ.’

ಮದುವೆಗೆ ಮುಂಚೆ ಜಾತಕ ನೋಡಿದ ನಮ್ಮೂರ ಜೋಯಿಸರು ಕೂಡ ಆಯಸ್ಸಿನ ಪ್ರಸ್ತಾಪ ಬಂದಾಗ ಕೆಮ್ಮಿ ಮಾತು ಮರೆಸಿದ್ದರು. ಇವರು ಕೆಮ್ಮಲೂ ಇಲ್ಲ. ನಾನು ಶೀಟಿನ ಕೆಳಗಡೆಗೆ ಹೋದೆ. ಇವರು ತೀರಿಕೊಂಡ ಮರುವರ್ಷದ ಸಾಲಿನಿಂದ ದಿನಸಿ ಖರ್ಚು ಅರ್ಧ, ಎರಡು ಕಾರಿನ ಜಾಗದಲ್ಲಿ ಒಂದು, ಪ್ರವಾಸ ಸೊನ್ನೆ. ಹನ್ನೆರಡು ವರ್ಷ ಉದ್ದಕ್ಕೂ ಸೊನ್ನೆ.

‘ನೀವು ಹೋದ ಮೇಲೆ ನಾನೆಲ್ಲೂ ಹೋಗಬಾರದಾ?’

‘ಒಬ್ಬಳೇ ಎಲ್ಲಿಗೆ ಹೋಗ್ತೀಯ?’

‘ಕಾಶಿಗೆ.’

ಇವರು ಒಂದು ಕ್ಷಣ ಯೋಚಿಸಿ, ಕೂತಲ್ಲೇ ‘ಕಾಶಿ’ ಎಂದು ಹೊಸ ಸಾಲು ಸೇರಿಸಿ, ವರ್ಷಕ್ಕೆ ಶೇಕಡಾ 3 ಬೆಲೆಯೇರಿಕೆ ಹಾಕಿದರು. ಮನಸ್ಸು ಕರಗಿತು ಅಂದುಕೊಳ್ಳುವಷ್ಟರಲ್ಲಿ ‘ವನ್ ಟೈಮ್ ತಾನೇ?’ ಎಂದು ಕೇಳಿದರು.

ಇದೆಲ್ಲದರ ಮೂಲಪುರುಷ ವಿಲಿಯಂ ಬೆಂಗೆನ್ ಎಂಬಾತ. ಏರೋನಾಟಿಕ್ಸ್ ಓದಿ, ಮನೆತನದ ತಂಪುಪಾನೀಯದ ವ್ಯಾಪಾರ ನೋಡಿಕೊಂಡು, ಆಮೇಲೆ ಹಣಕಾಸು ಸಲಹೆಗಾರನಾದವನು. 1994ರಲ್ಲಿ ಒಂದು ಲೇಖನ ಬರೆದು, ನಿವೃತ್ತಿಯ ಮೊದಲ ವರ್ಷ ಗಂಟಿನಿಂದ ಶೇಕಡಾ 4ರಷ್ಟು ತೆಗೆದು, ಮುಂದೆ ಬೆಲೆಯೇರಿಕೆಯಷ್ಟೇ ಏರಿಸುತ್ತಾ ಹೋದರೆ ದುಡ್ಡು 30 ವರ್ಷ ಬಾಳುತ್ತದೆ ಎಂದು ಹಳೆಯ ಅಂಕಿಅಂಶಗಳಿಂದ ತೋರಿಸಿದ. ಕೂಟದ ಗಂಡಸರ ಪಾಲಿಗೆ ಅದು ಮಂತ್ರ. ಈಚೆಗೆ ಅವನೇ 4 ಅಲ್ಲ, 4.7 ಎಂದು ತಿದ್ದಿದಾಗ ಇವರಿಗೆ ಡಿಎ ಏರಿದ ಆದೇಶ ಕೈಗೆ ಬಂದಷ್ಟು ಸಂಭ್ರಮ. ಆ 0.7 ಎಲ್ಲಿಗೆ ಹೋಯಿತೋ, ನಮ್ಮನೆಯ ಹಳೇ ಸೋಫಾ ಮಾತ್ರ ಹಾಗೇ ಇದೆ.

ಅದೂ ಸಾಲದೆ ಮಾಂಟೆ ಕಾರ್ಲೊ ಎಂಬ ಲೆಕ್ಕವಿದೆ. ಹೆಸರು ಜೂಜುಕಟ್ಟೆಯದ್ದು, ಅದನ್ನು ಇಟ್ಟವರು ಲಾಸ್ ಅಲಾಮೋಸ್‌ನ ವಿಜ್ಞಾನಿಗಳು. ಗುಂಡಿ ಒತ್ತಿದರೆ ಕಂಪ್ಯೂಟರು ನಮ್ಮಿಬ್ಬರನ್ನೂ ಸಾವಿರ ಸಲ ಮುದುಕರನ್ನಾಗಿ ಮಾಡಿ, ಸಾವಿರ ಸಲ ಸಾಯಿಸಿ, ಕೊನೆಗೆ ‘ಯಶಸ್ಸು ಶೇಕಡಾ 91’ ಎನ್ನುತ್ತದೆ. ಯಶಸ್ಸು ಅಂದರೆ ದುಡ್ಡು ಮುಗಿಯುವ ಮೊದಲೇ ನಾವು ಮುಗಿಯುವುದು. ಮಿಕ್ಕ ತೊಂಬತ್ತು ಸಲ ನಾವು ಬದುಕಿ ಉಳಿದು ಸೋಲುತ್ತೇವೆ.

ಈ 401ಕೆ ಎಂಬ ಹೆಸರು 1978ರಲ್ಲಿ ಅಮೆರಿಕದ ತೆರಿಗೆ ಸಂಹಿತೆಗೆ ಸೇರಿದ ಒಂದು ಉಪವಿಭಾಗದ ಸಂಖ್ಯೆ. ಎರಡು ವರ್ಷದ ಮೇಲೆ ಪೆನ್ಸಿಲ್ವೇನಿಯಾದ ಟೆಡ್ ಬೆನ್ನಾ ಎಂಬ ಸಲಹೆಗಾರ ಅದರೊಳಗೊಂದು ದಾರಿ ಕಂಡ. ನೌಕರ ಸಂಬಳದಲ್ಲಿ ಒಂದಷ್ಟನ್ನು ತೆರಿಗೆಗೆ ಮುಂಚೆಯೇ ಎತ್ತಿಡಬಹುದು, ಅದಕ್ಕೆ ಕಂಪನಿಯೂ ಒಂದಿಷ್ಟು ಸೇರಿಸಬಹುದು. ಕಂಪನಿಗಳು ಸಂತೋಷವಾಗಿ ಪಿಂಚಣಿಯ ಬಾಗಿಲು ಮುಚ್ಚಿ ಈ ಕಿಟಕಿ ತೆರೆದವು. ಇದನ್ನೆಲ್ಲ ನಾನು ಫೋನಿನಲ್ಲಿ ನಮ್ಮಪ್ಪನಿಗೆ ವಿವರಿಸಿದೆ. ಅಪ್ಪ ಹಾಸನದ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು.

‘ನಾನೂರ ಒಂದಾ?’ ಅಪ್ಪನ ದನಿ ಬದಲಾಯಿತು. ‘ಐಪಿಸಿ 401 ಅಂದ್ರೆ ಕಳ್ಳರ ಗ್ಯಾಂಗಿಗೆ ಸೇರಿದವರಿಗೆ ಹಾಕೋದಲ್ವೇನಮ್ಮ? ಏಳು ವರ್ಷದವರೆಗೂ ಕಠಿಣ ಸಜೆ.’

‘ಇದು ಬೇರೆ ಅಪ್ಪ. ಇದರಲ್ಲಿ ಐವತ್ತೊಂಬತ್ತೂವರೆ ವಯಸ್ಸಾಗೋ ತನಕ ನಮ್ಮ ದುಡ್ಡು ನಾವೇ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ತೆರಿಗೆ, ಅದರ ಮೇಲೆ ಶೇಕಡಾ 10 ದಂಡ.’

‘ಅಂದ್ರೆ ಜಾಮೀನೂ ಇಲ್ಲ’ ಅಂದರು ಅಪ್ಪ. 2024ರ ಜುಲೈಯಲ್ಲಿ ಐಪಿಸಿ ಹೋಗಿ ನ್ಯಾಯ ಸಂಹಿತೆ ಬಂದದ್ದು, 420 ಹೋಗಿ 318 ಆದದ್ದು, ಇವೆರಡರ ದುಃಖದಲ್ಲಿ ಅವರಿದ್ದರು. ಮುಂದೆ ಮಾತು ಬೆಳೆಸಲಿಲ್ಲ.

ಆ ವರ್ಷವೇ ನಮ್ಮ ಮಾವನವರು ಆರು ತಿಂಗಳಿಗೆ ಬಂದರು. ಅವರು ಬೆಂಗಳೂರಿನ ಏಜೀಸ್ ಆಫೀಸಿನವರು, ಆಡಿಟ್ ವಿಭಾಗ, ಎಂಬತ್ತು ದಾಟಿದೆ. ಮಗ ಹೆಮ್ಮೆಯಿಂದ ಶೀಟು ತೋರಿಸಿದ. ಮಾವ ‘ಇದನ್ನ ಕಾಗದದ ಮೇಲೆ ಕೊಡು’ ಅಂದರು. ಇಪ್ಪತ್ತಾರು ಪುಟ ಪ್ರಿಂಟಾಯಿತು. ನನ್ನ ಕಡೆ ತಿರುಗಿ ‘ಏನಮ್ಮಾ, ಕೆಂಪು ಪೆನ್ಸಿಲ್ ಇದೆಯಾ?’ ಎಂದು ಕೇಳಿದಾಗಲೇ ನಮ್ಮವರು ಎಚ್ಚೆತ್ತುಕೊಳ್ಳಬೇಕಿತ್ತು.

‘ವರ್ಷಕ್ಕೆ ಏಳು ಪರ್ಸೆಂಟ್ ಬೆಳವಣಿಗೆ ಅಂತ ಹಾಕಿದೀಯ. ಯಾವ ಜಿ.ಓ. ಪ್ರಕಾರ?’

‘ಅಪ್ಪಾ, ಜಿ.ಓ. ಇಲ್ಲ, ಇತಿಹಾಸ ನೋಡಿ ಹಾಕೋದು.’

‘2008ರಲ್ಲಿ?’

‘ಆ ವರ್ಷ ಮೈನಸ್ 37.’

ಮಾವ ಏನೂ ಅನ್ನಲಿಲ್ಲ. ಅಂಚಿನಲ್ಲಿ ‘ಆಕ್ಷೇಪಣೆ’ ಎಂದು ಬರೆದು ಅಡಿಗೆರೆ ಹಾಕಿದರು. ಇಪ್ಪತ್ತಾರು ಪುಟದಲ್ಲಿ ಅವರ ಟಿಕ್ ಮಾರ್ಕು ಪಡೆದದ್ದು ಇಲ್ಲಿನ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿಯ ಸಾಲೊಂದೇ. 62ಕ್ಕೇ ತಗೊಂಡರೆ ಕಡಿಮೆ, 67ಕ್ಕೆ ಪೂರ್ತಿ, 70ರ ತನಕ ಕಾದರೆ ಇನ್ನೂ ಹೆಚ್ಚು, ಒಮ್ಮೆ ಶುರುವಾದರೆ ಸಾಯುವ ತನಕ ಬರುತ್ತದೆ, ಬೆಲೆಯೇರಿಕೆಗೆ ತಕ್ಕಂತೆ ವರ್ಷ ವರ್ಷ ಪರಿಷ್ಕರಣೆಯೂ ಉಂಟು ಎಂದು ಮಗ ಹೇಳಿದ. ‘ಡಿಎ ಇದೆ ಅನ್ನು! ಇದು ಪೆನ್ಷನ್ನು. ಸರಿ.’ ಆಮೇಲೆ ಮೊದಲ ಪುಟಕ್ಕೆ ಹಿಂತಿರುಗಿ, ಹಳದಿ ಚೌಕಗಳ ಮೇಲೆ ಪೆನ್ಸಿಲ್ ಊರಿ ಕೇಳಿದರು: ‘ಉಳಿದದ್ದಕ್ಕೆಲ್ಲ ನೀನು ಸಾಯೋ ವರ್ಷ ನೀನೇ ಮಂಜೂರು ಮಾಡ್ಕೋಬೇಕೇನೋ?’

ನವೆಂಬರಿನಲ್ಲಿ ಮಾವನವರ ಜೀವಂತ ಪ್ರಮಾಣಪತ್ರದ ಕಾಲ ಬಂತು. ಷಿಕಾಗೋದ ಭಾರತೀಯ ಕಾನ್ಸುಲೇಟಿಗೆ ಕರೆದುಕೊಂಡು ಹೋದೆವು. ಮಂಕಿ ಕ್ಯಾಪು, ಸ್ವೆಟರು, ಅದರ ಮೇಲೆ ಮಗನ ಹಳೇ ಜಾಕೆಟ್ಟು. ಕಾನ್ಸುಲೇಟಿನವರು ಪಾಸ್‌ಪೋರ್ಟ್ ನೋಡಿ, ಮಂಕಿ ಕ್ಯಾಪ್ ತೆಗೆಸಿ ಮುಖ ನೋಡಿ, ಬದುಕಿದ್ದಾರೆಂದು ಸಹಿ ಹಾಕಿ ಮೊಹರು ಒತ್ತಿದರು. ವಾಪಸು ಬರುವಾಗ ಮಾವ ಹಿಂದಿನ ಸೀಟಿನಲ್ಲಿ ಆ ಕಾಗದ ತೊಡೆಯ ಮೇಲಿಟ್ಟುಕೊಂಡು ಮಗನಿಗೆ ಪಾಠ ಮಾಡಿದರು. ಕೇಂದ್ರ ಸರ್ಕಾರ ವರ್ಷಕ್ಕೊಮ್ಮೆ ಕೇಳುವುದು ಬದುಕಿದ್ದೀಯಾ ಎಂದಷ್ಟೇ. ಎಂಬತ್ತಾದರೆ ಮೂಲ ಪಿಂಚಣಿಯ ಮೇಲೆ ಶೇಕಡಾ 20 ಹೆಚ್ಚು, ಎಂಬತ್ತೈದಕ್ಕೆ 30, ತೊಂಬತ್ತಕ್ಕೆ 40, ತೊಂಬತ್ತೈದಕ್ಕೆ 50. ‘ನೂರಕ್ಕೆ ಡಬಲ್ಲು ಕಣೋ!’ ಅಂದಾಗ ಅವರ ದನಿಯಲ್ಲಿ ಬಡ್ತಿಯ ಸರದಿಯಲ್ಲಿರುವವರ ಉತ್ಸಾಹವಿತ್ತು. ಡ್ರೈವ್ ಮಾಡುತ್ತಿದ್ದ ನಮ್ಮವರು ಹಸಿರು ದೀಪ ಬಂದರೂ ಗಾಡಿ ಬಿಡಲಿಲ್ಲ. ಅಪ್ಪ ಬದುಕಿದಷ್ಟೂ ಲಾಭ, ತಾನು ಬದುಕಿದಷ್ಟೂ ನಷ್ಟ. ನಮ್ಮ ಸರ್ಕಾರವೂ 2004ರಲ್ಲಿ ಹೊಸಬರಿಗೆ ಎನ್‌ಪಿಎಸ್ ಎಂದು ಮಾರುಕಟ್ಟೆಯ ದಾರಿ ತೋರಿಸಿದ್ದು ಮಾವನವರಿಗೆ ಗೊತ್ತು, ಆ ವಿಷಯಕ್ಕೆ ಅವರು ಹೋಗಲಿಲ್ಲ.

ಮಾವ ಹಿಂತಿರುಗಿದ ಮುಂದಿನ ಏಪ್ರಿಲ್, ಅಂದರೆ 2025ರಲ್ಲಿ, ಇಲ್ಲಿನ ಅಧ್ಯಕ್ಷರು ಆಮದು ಸುಂಕ ಘೋಷಿಸಿದರು. ಎರಡೇ ದಿನದಲ್ಲಿ ಷೇರುಪೇಟೆಯ ಸೂಚ್ಯಂಕ ಎಸ್‌&ಪಿ 500 ಶೇಕಡಾ 10ಕ್ಕೂ ಹೆಚ್ಚು ಇಳಿಯಿತು. ನಮ್ಮವರು ತಿಳಿಸಾರನ್ನೂ ಕೇಳಲಿಲ್ಲ. ರಾತ್ರಿ ಶೀಟಿನ ಮುಂದೆ ಕೂತು ಏನೋ ಒತ್ತುತ್ತಿದ್ದರು. ಬೆಳಿಗ್ಗೆ ಕಾಫಿ ಲೋಟ ಇಡಲು ಹೋದವಳು ನೋಡಿದೆ. ‘ವೈಫ್: 90’.

‘ರೀ, ನನ್ನ ನಾಲ್ಕು ವರ್ಷ ಎಲ್ಲಿ?’

‘ಟೆಂಪರರಿ. ಯಶಸ್ಸು ತೊಂಬತ್ತರ ಕೆಳಗೆ ಹೋಗಿತ್ತು, ಸ್ವಲ್ಪ ಅಡ್ಜಸ್ಟ್ ಮಾಡಿದೆ.’

‘ನಿಮ್ಮದ್ಯಾಕೆ ಎಂಬತ್ತಾರೇ ಇದೆ?’

‘ನನ್ನದು ಇಳಿಸಿದ್ರೆ ಅಷ್ಟು ಉಳಿತಾಯ ಆಗಲ್ಲ. ನನ್ನ ನಂತರದ ವರ್ಷಗಳೇ ಕಾಸ್ಟ್ಲಿ.’

ಏಪ್ರಿಲ್ 9ರಂದು ಸುಂಕವನ್ನು ಮುಂದೂಡಿದ್ದಕ್ಕೆ ಮಾರುಕಟ್ಟೆ ಒಂದೇ ದಿನ ಶೇಕಡಾ 9.5 ಜಿಗಿಯಿತು. ಸಂಜೆ ನೋಡಿದರೆ ನನ್ನ ಆಯಸ್ಸು 93. ಇನ್ನೊಂದು ವರ್ಷ ಎಲ್ಲಿ ಎಂದರೆ ‘ಮಾರ್ಕೆಟ್ ಇನ್ನೂ ಪೂರ್ತಿ ರಿಕವರ್ ಆಗಿಲ್ಲ’. ಅಂದಿನಿಂದ ನಾನೂ ಬೆಳಿಗ್ಗೆ ಎದ್ದು ಪೇಟೆಯ ಸುದ್ದಿ ನೋಡುತ್ತೇನೆ. ನನ್ನ ಪ್ರಾಣದ ಪ್ರಶ್ನೆ.

ಜುಲೈನಲ್ಲಿ ಭೀಮನ ಅಮಾವಾಸ್ಯೆ ಬಂತು. ಗಂಡನ ಆಯಸ್ಸು ಹೆಚ್ಚಲಿ ಎಂದು ಮಾಡುವ ವ್ರತ. ಇವರ ಪಾದ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಒಂಬತ್ತು ಗಂಟಿನ ದಾರಕ್ಕೆ ಪೂಜೆ ಮಾಡಿ ಕಟ್ಟಿಸಿಕೊಂಡೆ. ಭಂಡಾರ ಒಡೆಯಲು ಅಣ್ಣತಮ್ಮಂದಿರು ಇಲ್ಲಿಲ್ಲ, ನಮ್ಮ ಮಗನೇ ಹೊಸಿಲ ಮೇಲಿನ ಕಡುಬನ್ನು ಮೊಣಕೈಯಿಂದ ಗುದ್ದಿ ಒಳಗಿದ್ದ ಕ್ವಾರ್ಟರ್ ನಾಣ್ಯಗಳನ್ನು ಜೇಬಿಗೆ ಹಾಕಿಕೊಂಡ. ನಮ್ಮ ಮನೆಯಲ್ಲಿ ಪೂರ್ತಿ ಲಿಕ್ವಿಡ್ ಆಸ್ತಿ ಇರುವುದು ಅವನ ಹತ್ತಿರ ಮಾತ್ರ. ಇವರು ಆಫೀಸಿಗೆ ಹೋದರು. ನಾನು ಶೀಟು ತೆರೆದೆ. ಪಾಸ್‌ವರ್ಡ್ ನಮ್ಮ ಮದುವೆಯ ತಾರೀಖು, ಮರೆತುಹೋಗಬಾರದೆಂದು ಇವರು ಮಾಡಿಕೊಂಡಿರುವ ಏರ್ಪಾಡು. ‘ಸೆಲ್ಫ್’ ಚೌಕದಲ್ಲಿ 86 ಅಳಿಸಿ 100 ಎಂದು ಬರೆದೆ. ಇಡೀ ಹಾಳೆ ಕೆಂಪಾಯಿತು.

ಸಂಜೆ ಒಳಗಿನ ಕೋಣೆಯಿಂದ ಕೂಗು ಕೇಳಿತು. ‘ನನ್ನ ಆಯಸ್ಸು ಯಾರು ಜಾಸ್ತಿ ಮಾಡಿದ್ದು?’

‘ಬೆಳಿಗ್ಗೆ ನಿಮ್ಮ ಕಾಲು ಹಿಡಿದು ದೇವರನ್ನ ಕೇಳಿದ್ದೂ ಅದನ್ನೇ. ನಮೂದಿಸಿದೆ ಅಷ್ಟೆ.’

‘ಪೂಜೆ ಬೇರೆ, ಪ್ಲಾನಿಂಗ್ ಬೇರೆ ಕಣೇ! ಯಶಸ್ಸು ಎಲ್ಲಿಗೆ ಬಂತು ನೋಡು, 63!’

ಚೌಕಾಸಿ ನಡೆಯಿತು. ನಾನು ತೊಂಬತ್ತೆಂಟಕ್ಕೆ ಇಳಿದೆ, ಇವರು ಎಂಬತ್ತೆಂಟಕ್ಕೆ ಏರಿದರು. ತೊಂಬತ್ತಕ್ಕೆ ಬಂದು ನಿಲ್ಲುವ ಹೊತ್ತಿಗೆ ಬೆಂಗಳೂರಿನಿಂದ ಮಾವನವರ ಫೋನು. ಹಬ್ಬ ಹೇಗಾಯಿತು ಎಂದು ವಿಚಾರಿಸಿ, ಮಗನಿಗೆ ಕೊಡು ಅಂದರು. ಸ್ಪೀಕರ್ ಹಾಕಿದೆ.

‘ನೂರ್ಕಾಲ ಚೆನ್ನಾಗಿ ಬಾಳಪ್ಪ.’

‘ಅಪ್ಪಾ, ತೊಂಬತ್ತು ಸಾಕು.’

‘ಯಾಕೋ? ಫಂಡ್ಸ್ ಇಲ್ವಾ?’

‘ಹೂಂ, ಹಾಗೇ ಅಂದ್ಕೊಳ್ಳಿ.’

‘ಅಷ್ಟೇನಾ? ನನಗೆ ನೂರಾದ ಮೇಲೆ ಡಬಲ್ ಬರುತ್ತಲ್ಲೋ, ಕಮ್ಮಿ ಬಿದ್ರೆ ಹೇಳು, ಕಳಿಸ್ತೀನಿ.’