ಎರಡಿಂಚಿನ ಯಜಮಾನರು

ಜೀಪಿಗೆ ಲಿಫ್ಟ್ ಮಾಡಿಸಿದ ಯಜಮಾನರು ಹೆಚ್ಚಾಗಿ ಕಾಣಸಿಗುವುದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಚಾಪೆಯ ಮೇಲೆ ಅಂಗಾತ, ಮುಖ ಗಾಡಿಯಡಿಗೆ, ಇಸ್ತ್ರಿ ಪ್ಯಾಂಟು ಹೊರಗೆ. ವಾರವಿಡೀ ಸಿಲ್ಕ್ ಬೋರ್ಡ್ ಸಿಗ್ನಲ್ಲು, ಶನಿವಾರ ಸಕಲೇಶಪುರ. ಗಾಡಿಯ ಮಾರ್ಪಾಡಿಗೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಂದನ್ನು ಬಿಟ್ಟು ಗಾಡಿಗೆ ಸಂಬಂಧಿಸಿದ್ದೆಲ್ಲವನ್ನೂ ಇವರು ಓದಿರುತ್ತಾರೆ.

ಇವರ ಹಿಂದಿನ ತಲೆಮಾರಿನ ಜಿಪ್ಸಿಗೆ ಇದ್ದದ್ದು ಪ್ಲೇಟಿನ ಸ್ಪ್ರಿಂಗು. ಯು ಬೋಲ್ಟ್ ಹಾಕಿ ಆಕ್ಸಲ್ಲಿಗೆ ಬಿಗಿದರೆ ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಭಾರತದಲ್ಲಿ 2023ರಲ್ಲಿ ಬಂದ ಜಿಮ್ನಿಯ ಹಿಂಬದಿಗೆ ಕಾಯಿಲ್ ಸ್ಪ್ರಿಂಗ್. ಕೆಳಗೆ ಆಕ್ಸಲ್ಲು, ಮೇಲೆ ಚಾಸಿ, ನಡುವೆ ಸ್ಪ್ರಿಂಗು. ಅದನ್ನು ಕೂರಿಸಿಡುವುದು ಮುಖ್ಯವಾಗಿ ಗಾಡಿಯ ತೂಕವೇ.

ಯಜಮಾನರು ಹೊಸ ಸ್ಪ್ರಿಂಗು ಹಾಕಿಸಿ ಗಾಡಿಯನ್ನು 2 ಇಂಚು ಎತ್ತರಿಸುತ್ತಾರೆ. ಅಷ್ಟಕ್ಕೇ ನಿಲ್ಲಿಸದೆ, ಚಕ್ರ ಇನ್ನಷ್ಟು ಇಳಿಯಲೆಂದು ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿಸುತ್ತಾರೆ. ಹೊಸ ಸ್ಪ್ರಿಂಗು ಗಡಸಾಗಿದ್ದ ಮಾತ್ರಕ್ಕೆ ಆ ಅಳತೆಗೆ ಉದ್ದವಾಗಿರಬೇಕೆಂದೇನಿಲ್ಲ. ಹಳ್ಳದ ಮೇಲೆ ಚಕ್ರ ಜೋತುಬಿದ್ದಾಗ ಆಕ್ಸಲ್ಲು ಸ್ಪ್ರಿಂಗಿನ ಉದ್ದವನ್ನೂ ಮೀರಿ ಕೆಳಗಿಳಿಯುತ್ತದೆ. ಸ್ಪ್ರಿಂಗು ಸಡಿಲಾಗಿ ಸೀಟು ಬಿಡುತ್ತದೆ. ಚಕ್ರ ಮೇಲೆ ಬರುವಾಗ ಅದರ ಗತಿ, ಟವೆಲ್ ಹಾಕದೆ ಟೀಗೆ ಇಳಿದ ಬಸ್ ಪ್ರಯಾಣಿಕನದೇ. ಓರೆಯಾಗಿ ಕೂರುತ್ತದೆ, ರಬ್ಬರ್ ಪ್ಯಾಡು ಹರಿಯುತ್ತದೆ, ಅದೃಷ್ಟ ಕೆಟ್ಟರೆ ತೋಟದ ಚರಂಡಿಗೇ ಉರುಳುತ್ತದೆ.

ಮೊದಲು ಕೇಳಿಸುವುದು ‘ಟಣ್’ ಎಂಬ ಸದ್ದು. ಯಜಮಾನರು ಸೈಲೆನ್ಸರನ್ನು ಅನುಮಾನಿಸುತ್ತಾರೆ, ಸ್ಟೆಪ್ನಿಯನ್ನು ಅನುಮಾನಿಸುತ್ತಾರೆ, ಕೊನೆಗೆ ಹಿಂದಿನ ಸೀಟಿನಲ್ಲಿ ಕೂತ ಮಾವನವರ ಊರುಗೋಲನ್ನೂ. ಪರೀಕ್ಷೆ ಮಾತ್ರ ಸುಲಭ: ಚಾಸಿಗೆ ಜಾಕಿ ಕೊಟ್ಟು, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರಗಳನ್ನು ಇಳಿಬಿಡಬೇಕು. ಸ್ಪ್ರಿಂಗು ಕೈಯಲ್ಲಿ ತಿರುಗಿದರೆ ಕಾಯಿಲೆ ಅದೇ.

ಚಿಕಿತ್ಸೆಗಳಲ್ಲಿ ದುಬಾರಿಯವು ಯಜಮಾನರಿಗೆ ಪ್ರಿಯ. ಹೆಚ್ಚು ಉದ್ದದ ಸ್ಪ್ರಿಂಗು ತರಿಸುತ್ತಾರೆ. ಕೆಳಗಿನ ಕೊನೆಯ ಸುತ್ತನ್ನು ಸೀಟಿಗೆ ಹಿಡಿದಿಡಲು ಕ್ಲಾಂಪು ಹಾಕಿಸುತ್ತಾರೆ. ಸಡಿಲಾದ ಮೇಲ್ತುದಿ ದಾರಿ ತಪ್ಪದೆ ವಾಪಸು ಬರಲೆಂದು ಶಂಕುವಿನಾಕಾರದ ಗೈಡನ್ನೂ ಕೂರಿಸುತ್ತಾರೆ. ಆ ಹೊಳೆಯುವ ತುಂಡನ್ನು ಬೇಸ್‌ಮೆಂಟಿನ ವಾಚ್‌ಮನ್‌ಗೆ ಟಾರ್ಚ್ ಬಿಟ್ಟು ತೋರಿಸುವುದುಂಟು. ಎಲ್ಲಕ್ಕಿಂತ ಅಗ್ಗದ್ದು ಚಾಸಿಯಿಂದ ಆಕ್ಸಲ್ಲಿಗೆ ಕಟ್ಟುವ ಗಟ್ಟಿ ನೈಲಾನ್ ಪಟ್ಟಿ. ಸ್ಪ್ರಿಂಗು ಸಡಿಲಾಗುವ ಮೊದಲೇ ಅದು ಆಕ್ಸಲ್ಲನ್ನು ತಡೆಯುತ್ತದೆ. ಸರಿಯಾದ ಅಳತೆಗೆ ಕಟ್ಟಿದರೆ ಬ್ರೇಕ್ ಹೋಸೂ ಎಳೆತಕ್ಕೆ ಕಿತ್ತುಬರುವುದಿಲ್ಲ.

ಆದರೆ ಪಟ್ಟಿ ಕಟ್ಟಿದರೆ ಚಕ್ರ ಅಷ್ಟು ಇಳಿಯುವುದಿಲ್ಲ. ಫೋಟೊಗೋಸ್ಕರವೇ ಲಿಫ್ಟ್ ಮಾಡಿಸಿದವರಿಗೆ ಇದು ಒಪ್ಪುವ ಮಾತಲ್ಲ. ಎರಡನೇ ಸಲ ಸ್ಪ್ರಿಂಗು ಹುಡುಕಲು ಕಾಫಿ ತೋಟದಲ್ಲಿ ಅರ್ಧ ಕಿಲೋಮೀಟರ್ ಹಿಂದಕ್ಕೆ ನಡೆದ ಮೇಲೆ ಕಟ್ಟಿಸುತ್ತಾರೆ. ಅಲ್ಲಿಂದಾಚೆ, ಕಡಿಮೆಯಾದ ಇಂಚುಗಳನ್ನು ಸರಿದೂಗಿಸಲು ಫೋಟೊ ತೆಗೆಯುವ ಭಾಮೈದನನ್ನು ಕೆಸರಿನಲ್ಲಿ ಇನ್ನಷ್ಟು ಕೆಳಗೆ ಕೂರಿಸುತ್ತಾರೆ.